ಲೋಟದಲ್ಲಿ ಬಂದ ಉಣ್ಣೆ

ಹ್ಯಾರಲ್ಡ್ ತರ್ಲೋ ನಮ್ಮ ಪಕ್ಕದ ಮನೆಯವನು. ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಕತೆ ಕಟ್ಟುವಷ್ಟು ಮಾತು ಅವನಿಗೆ ಬರುವುದಿಲ್ಲ. ಅದಕ್ಕೇ ಅವನು ಹೇಳಿದ್ದನ್ನು ನಂಬುತ್ತೇನೆ. ದೀಪ ಸ್ವಲ್ಪ ಸಣ್ಣ ಮಾಡಿ... ಹಾಂ, ಸಾಕು.

ಒಂದು ಶನಿವಾರ ಅವನು ಪಬ್ಬಿನಿಂದ ಹೊರಟಾಗ ಹೊತ್ತಾಗಿತ್ತು. ಇಗರ್ಜಿಯ ಹಿಂದಿನ ಹಳೇ ಬಾವಿಯ ಹತ್ತಿರದ ದಾರಿ. ಸಮುದ್ರ ಇಳಿದಿತ್ತು. ಕೆಸರು ನಾರುತ್ತಿತ್ತು. ಬಾವಿ ದಾಟಿದ ಮೇಲೆ ಹಿಂದೆ ಸದ್ದು... ಪಚಕ್.

ನಿಂತ. ಸದ್ದೂ ನಿಂತಿತು.

ನಡೆದ. ಪಚಕ್... ಪಚಕ್. ನೀರು ತುಂಬಿದ ಬೂಟಿನಲ್ಲಿ ಯಾರೋ ಕಾಲೆಳೆದು ಬರುತ್ತಿದ್ದ ಹಾಗೆ. ತಿರುಗಿ ನೋಡಲಿಲ್ಲ. ಬಾಯಲ್ಲಿ ಬಿಯರಿನ ರುಚಿ ಇನ್ನೂ ಅಂಟಿಕೊಂಡಿತ್ತು. ಕೊಳೆತ ಪಾಚಿ, ತುಕ್ಕು, ನೆಂದ ಕುರಿಯ ಮೈವಾಸನೆ. ಕ್ಯಾಕರಿಸಿ ಉಗಿದ. ಹೋಗಲಿಲ್ಲ.

ಮನೆಯಲ್ಲಿ ಅವನ ಅವ್ವ ಎಸ್ತರ್ ಬೆಂಕಿಯ ಮುಂದೆ ಕೂತಿದ್ದಳು. ಕಣ್ಣಿಗೆ ಪೊರೆ ಬಂದಿದೆ, ಕಿವಿ ಮಾತ್ರ ಚುರುಕು.

"ಯಾರೋ ನಿನ್ ಜೊತೆ ಬಂದಿದ್ದು?"

"ಯಾರೂ ಇಲ್ಲವ್ವ."

"ಒದ್ದೆ ಬೂಟಿನ ಸದ್ದು ಬಂತಲ್ಲೋ."

"ನಂದೇ."

ಅವನ ಬೂಟು ಒಣಗಿಯೇ ಇತ್ತು. "ಅಗುಳಿ ಹಾಕ್ಬೇಡ," ಎಂದಳು, ದಿನಾ ಹೇಳುವ ಹಾಗೆ.

ಅಗುಳಿ ತೆಗೆದಿಡುತ್ತಿದ್ದದ್ದು ಕಿರಿಮಗ ಲೆನ್‌ಗಾಗಿ. ಸುಗ್ಗಿಯ ನಂತರದ ಬಿರುಗಾಳಿಯಲ್ಲಿ ಅವನ ದೋಣಿ ಒಡೆಯಿತು. ಹಲಗೆಗಳು ದಡಕ್ಕೆ ಬಂದವು, ಲೆನ್ ಬರಲಿಲ್ಲ. ಹೆಣ ಕಾಣದೆ ಮಗ ಸತ್ತ ಅನ್ನಲು ಅವಳು ಒಪ್ಪಲಿಲ್ಲ. ಪ್ರಾರ್ಥನೆ ಓದಲು ಬಂದ ಪಾದ್ರಿಯನ್ನು ಹೊಸಿಲಿನಿಂದಲೇ ಕಳಿಸಿದಳು. ರಾತ್ರಿಯೆಲ್ಲ ಕೂತೇ ಇರುತ್ತಿದ್ದಳು. ಹ್ಯಾರಲ್ಡನಿಗೆ ಬೇಕಿದ್ದದ್ದು ಇಷ್ಟೇ. ತಮ್ಮನಿಗೆ ಹಿಡಿ ಮಣ್ಣು, ಅವ್ವನಿಗೆ ಕಣ್ತುಂಬ ನಿದ್ದೆ.

ನಮ್ಮೂರ 'ಮೂರು ಬಂಗುಡೆ' ಪಬ್ಬಿನಲ್ಲಿ ಕಾಯಂ ಗಿರಾಕಿಗಳ ತವರದ ಲೋಟಗಳು ತೊಲೆಯ ಕೊಕ್ಕೆಗಳಿಗೆ ತೂಗುತ್ತಿರುತ್ತವೆ. ಗಿರಾಕಿ ಸತ್ತರೆ, ಹೂತ ದಿನ ಲೋಟವನ್ನು ಮನೆಗೆ ತರುತ್ತಾರೆ. ಸಮುದ್ರದಲ್ಲಿ ಕಾಣೆಯಾದವನದ್ದನ್ನು ತರುವ ಹಾಗಿಲ್ಲ. ಶನಿವಾರ ಶನಿವಾರ ಮನೆಯವನೊಬ್ಬ ಹೋಗಿ ಅದರಲ್ಲಿ ತಳ ಕಾಣುವ ತನಕ ಕುಡಿಯಬೇಕು. ಅರ್ಧ ಬಿಟ್ಟರೆ ಹೋದವನು ಅರ್ಧ ದಾರಿಯಲ್ಲೇ ನಿಲ್ಲುತ್ತಾನಂತೆ. ಹಾಗಾಗಿ ಹ್ಯಾರಲ್ಡ್ ಮೂಗು ಹಿಡಿದು ಕುಡಿಯುತ್ತಿದ್ದ.

ಮುಂದಿನ ಶನಿವಾರವೂ ಹೋದ. ಪಬ್ಬಿನ ಯಜಮಾನ ಎಫ್ರೇಮ್ ಗರ್ಲಿಂಗ್ ಲೆನ್‌ನ ಲೋಟ ಇಳಿಸಿ ನಲ್ಲಿ ತಿರುಗಿಸಿದ. ಆಸಾಮಿ ಜಿಪುಣ. ನಲ್ಲಿಯ ಕೆಳಗೆ ತೊಟ್ಟಿಕ್ಕಿದ್ದು, ಲೋಟಗಳಲ್ಲಿ ಉಳಿದ ಎಂಜಲು, ಎಲ್ಲವನ್ನೂ ಒಂದು ಬೋಗುಣಿಯಲ್ಲಿ ಹಿಡಿದು, ರಾತ್ರಿ ನೆಲಮಾಳಿಗೆಗೆ ಒಯ್ದು, ಬಟ್ಟೆಯಲ್ಲಿ ಸೋಸಿ ಪೀಪಾಯಿಗೇ ಸುರಿಯುತ್ತಾನೆ ಅಂತ ಊರಿಗೆಲ್ಲ ಗುಮಾನಿ. ಆದರೂ ಕುಡಿಯುತ್ತಿದ್ದರು. ಇನ್ನೊಂದು ಪಬ್ಬು ಎಲ್ಲಿದೆ?

"ನಿನ್ ಬಿಯರು ಸರಿಯಿಲ್ಲ, ಗರ್ಲಿಂಗ್."

"ನಿನ್ ನಾಲಿಗೆ ಸರಿಯಿಲ್ಲ. ಇವರೆಲ್ಲ ಕುಡೀತಿಲ್ವ?"

"ಕಷಾಯ ಕುಡ್ದಂಗೆ ಮುಖ ಮಾಡ್ತಾನೆ ನೋಡ್ರೋ!" ಎಂದ ಡಾರ್ಟ್ಸ್ ಆಡುತ್ತಿದ್ದ ಜೋಬ್. "ಹ್ಯಾರಲ್ಡ್, ಚಮಚ ಬೇಕೇನಪ್ಪ?"

ಎಲ್ಲರೂ ನಕ್ಕರು. ಹ್ಯಾರಲ್ಡ್ ಕಣ್ಣು ಮುಚ್ಚಿ ಒಂದು ದೊಡ್ಡ ಗುಟುಕು ನುಂಗಿದ.

ನಾಲಿಗೆಗೆ ಏನೋ ತಾಗಿತು. ಕೂದಲು ಅಂದುಕೊಂಡ. ಎರಡು ಬೆರಳಲ್ಲಿ ಹಿಡಿದು ಎಳೆದ. ಬಂತು... ಇನ್ನೂ ಬಂತು. ಗಂಟಲಿನ ಆಳದಿಂದ, ನುಣ್ಣಗೆ, ಲೋಳೆಲೋಳೆಯಾಗಿ. ಕೂದಲಲ್ಲ. ಉಣ್ಣೆ. ನೀಲಿ ಉಣ್ಣೆಯ ಎಳೆ.

ಅದರ ಇನ್ನೊಂದು ತುದಿ ಲೋಟದೊಳಗಿತ್ತು.

ಗಂಟಲಲ್ಲಿದ್ದದ್ದು ಕಿತ್ತು ಬಂತು. ಓಕರಿಕೆ ಬಂದು ಬಗ್ಗಿದ. ಲೋಟದ್ದು ಮಾತ್ರ ಮುಗಿಯಲಿಲ್ಲ. ಎಳೆದಷ್ಟೂ ಸುರುಳಿ ಸುರುಳಿಯಾಗಿ ಮೇಜಿನ ಮೇಲೆ ಬಿತ್ತು. ಚಿಟ್... ಚಿಟ್... ಎಂದು ನೀರು ತೊಟ್ಟಿಕ್ಕಿತು. ಬೂದು ನೀರು. ಅದರಲ್ಲಿ ಮೀನಿನ ಹೊಟ್ಟೆ ಸೀಳಿದಾಗ ಬರುವ ನಾತ. ಎಳೆಯ ನಡುನಡುವೆ ಮೇಣದಂಥ ಬಿಳೀ ಚೂರುಗಳು ಅಂಟಿದ್ದವು. ಅವು ಏನೆಂದು ಯಾರೂ ಕೇಳಲಿಲ್ಲ.

ಜೋಬ್ ತನ್ನ ಲೋಟದೊಳಗೆ ಇಣುಕಿ ನೋಡಿದ. ಬಾಗಿಲಿಗೆ ಓಡಿದ. ಹೊರಗೆ ವಾಂತಿ ಮಾಡಿದ ಸದ್ದು ಒಳಗೆ ಕೇಳಿತು. ಉಳಿದವರೂ ಬಾಯಿಗೆ ತೋಳು ಒತ್ತಿಕೊಂಡು ಎದ್ದರು.

ಲೋಟ ಬರಿದಾಗಿತ್ತು. ಉಣ್ಣೆ ಬರುತ್ತಲೇ ಇತ್ತು.

"ನಿಲ್ಸೋ!" ಗರ್ಲಿಂಗ್ ಪಿಸುಗುಟ್ಟಿದ. "ನಿಲ್ಸು ಮಾರಾಯ!"

ಆಗ ಅವನ ಹೆಂಡತಿ ವಿನಿ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. ಮುಖ ಸುಣ್ಣವಾಗಿತ್ತು.

"ಲೆನ್ ಸಿಕ್ಕಿದ್ದ, ಹ್ಯಾರಲ್ಡ್."

"ಬಾಯ್ಮುಚ್ಚೇ!"

"ಮುಚ್ಚಿದ್ದು ಸಾಕು." ದನಿ ತಗ್ಗಿಸಿ ಹೇಳಿದಳು. "ಇವ್ನು ಕೆಳಗೆ ನೆಲಮಾಳಿಗೇಲಿ ಇಟ್ಟಿದ್ದ... ಬಿಯರಿನ ಪೀಪಾಯಿ ಪಕ್ಕದಲ್ಲೇ."

ಮುಳುಗಿದವರ ಹೆಣ ಸಿಕ್ಕರೆ ಪಬ್ಬಿನ ನೆಲಮಾಳಿಗೆಯಲ್ಲಿಡುವುದು ಇಲ್ಲಿನ ರೂಢಿ. ಊರಲ್ಲೇ ತಂಪಾದ ಜಾಗ ಅದು. ಪೇದೆಗೆ ಹೇಳಿ ಕಳಿಸಬೇಕು, ವಿಚಾರಣೆ ಮುಗಿಯುವ ತನಕ ಪಬ್ಬು ಮುಚ್ಚಬೇಕು. ಆದರೆ ಗರ್ಲಿಂಗನಿಗೆ ಲೆನ್ ದಡದಲ್ಲಿ ಸಿಕ್ಕ ದಿನ ಪಕ್ಕದೂರಿನವರ ಜೊತೆ ಡಾರ್ಟ್ಸ್ ಪಂದ್ಯವಿತ್ತು. ಪಬ್ಬು ತುಂಬಿತ್ತು. ಕೆಳಗೆ ಲೆನ್‌ನನ್ನು ಹಲಗೆಯ ಮೇಲೆ ಮಲಗಿಸಿ, ಮೇಲೆ ಬಿಯರು ಮಾರಿದ. ಬೆಳಗಾಗುವ ಮುಂಚೆ ದೋಣಿಗೆ ಹಾಕಿಕೊಂಡು ಇಳಿತದ ನೀರಿಗೆ ಬಿಟ್ಟುಬಂದ.

"ಮೈಯಿಂದ ನೀರು ಸೋರ್ತಾನೇ ಇತ್ತು," ಎಂದಳು ವಿನಿ. "ಎಂಜಲಿನ ಬೋಗುಣಿ ಆ ಹಲಗೆ ಕೆಳಗೇ ಇತ್ತು... ಇವ್ನು ನೋಡ್ಲಿಲ್ಲ. ಸೋಸಿ ಸುರಿದ."

ಅಂದು ಪಂದ್ಯಕ್ಕೆ ಹ್ಯಾರಲ್ಡನೂ ಹೋಗಿದ್ದ. ತಮ್ಮ ಕೆಳಗಿರುವಾಗ ಮೇಲೆ ಕುಡಿದಿದ್ದ. ಲೆನ್‌ನ ಲೋಟದಲ್ಲೇ.

ಅವನು ಕೊನೆಯ ಎಳೆ ಬರುವ ತನಕ ಎಳೆದ. ಉಣ್ಣೆಯನ್ನು ಕೋಟಿನಲ್ಲಿ ಸುತ್ತಿಕೊಂಡು, ಲೋಟ ಹಿಡಿದು ಹೊರಟ. ಬಾವಿಯ ಹತ್ತಿರ ಕಿವಿಗೊಟ್ಟ. ಹಿಂದೆ ಯಾವ ಸದ್ದೂ ಇರಲಿಲ್ಲ.

ಎಸ್ತರ್ ಆ ಗಬ್ಬುನಾತದ ರಾಶಿಯನ್ನು ಮಡಿಲಲ್ಲೇ ಹಾಕಿಸಿಕೊಂಡಳು. ಬೆರಳಲ್ಲಿ ತಡವುತ್ತ ಹೋದಳು. ಒಂದು ಕಡೆ ನಿಲ್ಲಿಸಿದಳು.

"ಇಲ್ಲಿ ಗಂಟಿದೆ ನೋಡು. ಲೆನ್ ಸ್ವೆಟರಿಗೆ ಉಣ್ಣೆ ಸಾಲ್ದೆ ನಾನೇ ಹಾಕಿದ್ದು. ಎದೆ ಹತ್ರ ಬರ್ಬಾರ್ದು ಅಂತ ಬಗಲಿಗೆ ತಂದಿದ್ದೆ." ಗಂಟನ್ನು ಹೆಬ್ಬೆರಳಲ್ಲಿ ಸವರಿ, "ಬಂದನಲ್ಲ," ಎಂದಳು. "ಅಗುಳಿ ಹಾಕೋ."

ಅಂದು ಮಲಗಿದಳು.

ಆಮೇಲೆ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಮಗನ ಸ್ವೆಟರನ್ನು ಮತ್ತೆ ಹೆಣೆದಳು. ಅದೇ ಅಳತೆ. ಉಣ್ಣೆ ಸಾಲಲಿಲ್ಲ, ಎಡತೋಳು ಬರಲೇ ಇಲ್ಲ. ಒಂದೇ ತೋಳಿನ ಸ್ವೆಟರನ್ನೇ ಪೆಟ್ಟಿಗೆಯಲ್ಲಿಟ್ಟು ಹೂತೆವು. ಪಾದ್ರಿ ಪ್ರಾರ್ಥನೆ ಓದಿದರು. ಪೆಟ್ಟಿಗೆಯ ಒಂದು ಮೂಲೆಗೆ ನಾನೇ ಹೆಗಲು ಕೊಟ್ಟಿದ್ದೆ. ಉಣ್ಣೆಗೆ ಅಷ್ಟು ಭಾರ ಇರುವುದಿಲ್ಲ.

ಹೆಣವಿಲ್ಲದೆ ಮೊಕದ್ದಮೆ ಇಲ್ಲ ಅಂದ ಪೇದೆ. ಗರ್ಲಿಂಗ್ ಈಗಲೂ ಇದ್ದಾನೆ. ಪಬ್ಬಿಗೆ ಯಾರೂ ಹೋಗುವುದಿಲ್ಲ. ಹಗಲೆಲ್ಲ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿರುತ್ತಾನೆ. ನಿಮಗೆ ನಂಬಿಕೆಯಿಲ್ಲದಿದ್ದರೆ ನಾಳೆ ಹೋಗಿ ಮಾತಾಡಿಸಿ. ಎರಡು ಮಾತಾಡುತ್ತಾನೆ, ನಿಲ್ಲಿಸುತ್ತಾನೆ. ನಿಮ್ಮ ಕಡೆ ಬೆನ್ನು ತಿರುಗಿಸಿ, ಎರಡು ಬೆರಳು ಬಾಯಿಗೆ ಹಾಕಿ, ಏನನ್ನೋ ಎಳೆಯುತ್ತಾನೆ... ಎಳೆಯುತ್ತಲೇ ಇರುತ್ತಾನೆ. ಎಳೆದದ್ದನ್ನು ತುರುಕುವ ಜೇಬಿನ ಅಂಚು ಸದಾ ಒದ್ದೆ. ನೀಲಿಯಾಗಿ ಒದ್ದೆ.