ಉಳವಿಯಿಂದ ಬಂದ ಕ್ಲಾರಿಯೋನೆಟ್ ಬಗ್ಗೆ ನೀಲಾಂಬಿಕ ಕೊಟ್ಟ ಹೇಳಿಕೆ

ನನ್ನ ಹೆಸರು ನೀಲಾಂಬಿಕ ಕೋಂ ವೀರಬಸಪ್ಪ, ವಯಸ್ಸು ಮೂವತ್ತೇಳು ವರ್ಷ, ಕಸುಬು ಹೊಲಿಗೆ, ವಾಸ ದೊಡ್ಡಪೇಟೆ, ಶಿಕಾರಿಪುರ ಟೌನ್. ಇಂದು ನಾನೇ ಠಾಣೆಗೆ ಹಾಜರಾಗಿ, ನನ್ನ ಗಂಡ ಕಾಣೆಯಾದ ಬಗ್ಗೆ ನಾಲ್ಕು ವರ್ಷದ ಹಿಂದೆ ಕೊಟ್ಟ ದೂರಿನ ಮುಂದುವರಿಕೆಯಾಗಿ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಗಂಡ ವೀರಬಸಪ್ಪನವರು ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ಊದುತ್ತಿದ್ದರು. ಅವರ ಮನೆತನದವರು ಅಂಗಡಿ ವ್ಯಾಪಾರದವರಾಗಿದ್ದು, ಬೀದಿಯಲ್ಲಿ ಊದಿಕೊಂಡು ಹೋಗುವುದು ಸರಿ ಬರದೆ ಅವರ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ನಮಗೆ ಶೃತಿ ಎಂಬ ಒಬ್ಬಳೇ ಮಗಳು, ಈಗ ಹದಿಮೂರು ವರ್ಷ. ದಿನಾಂಕ 11-3-1993ರ ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ನನ್ನ ಗಂಡ, ಮದುವೆಯೊಂದರ ಮಾತುಕತೆಗೆ ಸೊರಬಕ್ಕೆ ಹೋಗಿ ಸಂಜೆ ಬರುವುದಾಗಿ ಹೇಳಿ, ವಾದ್ಯವನ್ನು ಜೊತೆಗಿಟ್ಟುಕೊಂಡು ಹೊರಟರು. ಹಿಂದಿನ ರಾತ್ರಿಯಿಂದ ಅವರ ಮೈ ಬಿಸಿ ಇತ್ತು. ಇವತ್ತು ಬೇಡ ಎಂದೆ. ಮಾತು ಕೊಟ್ಟಾಗಿದೆ ಎಂದರು. ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟು ಎದ್ದರು. ಆಮೇಲೆ ಮನೆಗೆ ಬಂದಿರುವುದಿಲ್ಲ.

ಸೊರಬದಲ್ಲಿ ವಿಚಾರಿಸಲಾಗಿ, ಮಾತುಕತೆ ಮುಗಿಸಿ ಮಧ್ಯಾಹ್ನ ಬಸ್ ಹತ್ತಿದರೆಂದೂ ಯಾವ ಕಡೆಯ ಬಸ್ ಎಂದು ಗೊತ್ತಿಲ್ಲವೆಂದೂ ತಿಳಿಸಿದರು. ಒಂದು ವರ್ಷದ ನಂತರ ಯಾರೋ ಅವರನ್ನು ಹಾವೇರಿಯಲ್ಲಿ ಒಬ್ಬ ಹೆಂಗಸಿನ ಜೊತೆ ನೋಡಿದ್ದಾಗಿ ಹೇಳಿದ್ದರಿಂದ ನಾನು ಎರಡು ಸಲ ಹಾವೇರಿಗೆ ಹೋಗಿ ಹುಡುಕಿ ಬಂದಿರುತ್ತೇನೆ. ಆ ಸುದ್ದಿ ಪೇಟೆಯಲ್ಲೆಲ್ಲ ಹರಡಿತು. ನನ್ನ ಭಾವ, ಊದುವವರ ಸಂಸಾರ ಇಷ್ಟೇ ಎಂದು ನನ್ನೆದುರಿಗೇ ಹೇಳಿದರು. ಕುಂಕುಮ ಇಡಬೇಕೋ ಬಿಡಬೇಕೋ ಎಂದು ಹೇಳುವವರು ಯಾರೂ ಇರಲಿಲ್ಲ. ನಾನು ಇಡುತ್ತಲೇ ಬಂದೆ.

ಶೃತಿ ಹಾಡು ಕಲಿಯುತ್ತಿದ್ದಾಳೆ. ಹಳೆಯ ಹಾರ್ಮೋನಿಯಂಗಳ ನಾದ ಹೊಸದರಲ್ಲಿ ಬರುವುದಿಲ್ಲ, ಸಿಕ್ಕರೆ ಹಳೆಯದನ್ನೇ ಕೊಳ್ಳಿ ಎಂದು ಅವಳ ಸಂಗೀತದ ಮೇಡಂ ಹೇಳಿದ್ದರು. ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಈ ವರ್ಷ ತೆರೆದಿರುವ ನಾದಶ್ರೀ ಮ್ಯೂಸಿಕ್ ಸೆಂಟರಿಗೆ ಶಿವಮೊಗ್ಗ, ಸಾಗರ, ಸೊರಬದಲ್ಲೂ ಶಾಖೆಗಳಿದ್ದು, ಎಲ್ಲಾ ಶಾಖೆಯವರು ಕೊಂಡ ಹಳೆಯ ವಾದ್ಯಗಳನ್ನು ಇಲ್ಲಿಗೆ ತಂದು ಮಾರುತ್ತಾರೆ. ಮೊನ್ನೆ 23-8-1997ರ ಶನಿವಾರ ಸಂಜೆ ನಾಲ್ಕು ಗಂಟೆ ಸುಮಾರಿಗೆ ನಾನು ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋದೆನು. ಒಳಗಿನ ಕೋಣೆಯಲ್ಲಿ ಬುಲ್‌ಬುಲ್ ತರಂಗ, ತಂತಿ ಕಿತ್ತ ಪಿಟೀಲು, ಹಿತ್ತಾಳೆಯ ಕಹಳೆಗಳ ನಡುವೆ ಹಾರ್ಮೋನಿಯಂಗಳಿದ್ದವು. ಒಂದರ ತಿದಿಯ ಬಟ್ಟೆ ಹರಿದು ಗಾಳಿ ಸೋರುತ್ತಿತ್ತು. ಇನ್ನೊಂದು ಚೆನ್ನಾಗಿತ್ತು. ನಾನು ತಿದಿ ಒತ್ತಿ ಅದರ ಸ್ವರ ಕೇಳುತ್ತಿರುವಾಗ ಗಾಜಿನ ಬೀರುವಿನ ಬಳಿ ನಿಂತಿದ್ದ ಶೃತಿ ಮೆಲ್ಲಗೆ ನನ್ನನ್ನು ಕರೆದಳು.

"ಅವ್ವಾ, ಇದು ಅಪ್ಪಾಜೀದು ಅಲ್ಲೇನು?"

ನಾನು ಹೋಗಿ ನೋಡಲಾಗಿ ಅದು ನನ್ನ ಗಂಡನ ಕ್ಲಾರಿಯೋನೆಟ್ ಆಗಿತ್ತು. ತುಂಡುಗಳು ಕೂಡುವ ಕಡೆ ಸುತ್ತಿದ ಕಾರ್ಕ್ ಸವೆದಿದ್ದರಿಂದ ನಾನೇ ನನ್ನ ಮಷಿನ್ನಿನ ನೇರಳೆ ದಾರಕ್ಕೆ ಮೇಣ ಸವರಿ ಸುತ್ತಿಕೊಟ್ಟಿದ್ದೆ. ಆ ದಾರ ಹಾಗೆಯೇ ಇತ್ತು. ಬೇರೆ ಗುರುತು ನನಗೆ ಬೇಕಾಗಲಿಲ್ಲ.

ಶಾಖೆಯ ಮ್ಯಾನೇಜರ್ ಈಶ್ವರ್ ಎಂಬುವರು ಮೊದಲು, ಕದ್ದ ಮಾಲನ್ನು ತಾವು ಮುಟ್ಟುವುದಿಲ್ಲವೆಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು. ಶೃತಿ ಅಳುತ್ತಿರುವುದನ್ನು ಕಂಡು ಸೊರಬದ ಶಾಖೆಗೆ ಫೋನ್ ಮಾಡಿದರು. ಕಳೆದ ತಿಂಗಳು ಸಾಗರ ರಸ್ತೆಯ ಉಳವಿಯ ಯಮುನಮ್ಮ ಎಂಬ ಹೆಂಗಸು ಇದನ್ನು ತಂದು ಕೊಟ್ಟಳೆಂದೂ, ಆಕೆಯದು ಅಲ್ಲಿ ಬಸ್ ನಿಲ್ಲುವ ಕಡೆ ಚಹಾದಂಗಡಿ ಎಂದೂ ಆ ಕಡೆಯಿಂದ ತಿಳಿಸಿದರು. ಹೆಂಗಸು ಎಂಬ ಮಾತು ಕಿವಿಗೆ ಬಿದ್ದ ಮೇಲೆ ನಾನು ಹಾರ್ಮೋನಿಯಂ ಕಡೆ ತಿರುಗಿ ನೋಡಲಿಲ್ಲ. ಕ್ಲಾರಿಯೋನೆಟ್ಟನ್ನು ಯಾರಿಗೂ ಮಾರಬಾರದೆಂದು ಕೇಳಿಕೊಂಡೆ. ಈಶ್ವರ್ ಅವರು ಅದನ್ನು ತೆಗೆದು ಒಳಗಿಟ್ಟರು.

ಮರುದಿನ ಭಾನುವಾರ ಮಗಳನ್ನು ಪಕ್ಕದ ಮನೆಯ ರಾಜೇಶ್ವರಮ್ಮನವರ ಬಳಿ ಬಿಟ್ಟು ಮೊದಲನೇ ಬಸ್ಸಿಗೆ ಸೊರಬಕ್ಕೆ ಹೋಗಿ, ಅಲ್ಲಿಂದ ಸಾಗರದ ಬಸ್ ಹಿಡಿದು, ಹನ್ನೊಂದು ಗಂಟೆ ಸುಮಾರಿಗೆ ಉಳವಿಯಲ್ಲಿ ಇಳಿದೆನು. ಆ ಹೆಂಗಸಿಗೆ ಆಡಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಹೋಗಿದ್ದೆ. ಅವನ್ನು ಇಲ್ಲಿ ಬರೆಸುವುದು ಬೇಡ.

ಅಂಗಡಿಯಲ್ಲಿ ಸುಮಾರು ಅರವತ್ತು ವರ್ಷದ ಹೆಂಗಸು ಲೋಟ ತೊಳೆಯುತ್ತಿದ್ದಳು. ನಾನು ನಿಂತಲ್ಲಿಂದಲೇ, ಕ್ಲಾರಿಯೋನೆಟ್ ಮಾರಿದವಳು ನೀನೇ ಏನು, ನನ್ನ ಗಂಡ ಎಲ್ಲಿ ಎಂದು ಕೇಳಿದೆ. ಬೆಂಚಿನ ಮೇಲಿದ್ದವರು ಚಹಾ ಕುಡಿಯುವುದನ್ನು ನಿಲ್ಲಿಸಿದರು. ಆಕೆ ಒಂದು ಸಲ ನನ್ನ ಹಣೆಯನ್ನು ನೋಡಿ, ಕೈ ಒರೆಸಿಕೊಂಡು ಹೊರಗೆ ಬಂದಳು.

"ಕೂತ್ಕ ತಂಗಿ. ಅವ್ರು ಹೋಗಿ ನಾಕು ವರ್ಷ ಆತು."

ಎಲ್ಲಿಗೆ ಹೋದರು ಎಂದು ಕೇಳಿದೆ. ಆಕೆ ನನ್ನ ಕೈ ಹಿಡಿದುಕೊಂಡಳು. ಆಗ ನನಗೆ ತಿಳಿಯಿತು.

ಯಮುನಮ್ಮನವರು ಹೇಳಿದ್ದೇನೆಂದರೆ, ಆ ದಿನ ಮಧ್ಯಾಹ್ನ ಸಾಗರದ ಬಸ್ಸಿನಿಂದ ಒಬ್ಬರು ವಾದ್ಯದ ಚೀಲ ಹಿಡಿದು ಇಳಿದು, ಅಂಗಡಿಯ ಮುಂದೆ ವಾಂತಿ ಮಾಡಿಕೊಂಡು ಕುಸಿದರು. ಮೈ ಕೆಂಡದಂತಿತ್ತು. ಕ್ಲಾರಿಯೋನೆಟ್ಟಿನ ಬಾಯಿಗೆ ಕಟ್ಟಿ ಊದುವ ಬೆತ್ತದ ಪಟ್ಟಿ ಸಾಗರದಲ್ಲಿ ಸಿಗುತ್ತದೆಂದು ನನ್ನ ಗಂಡ ಹಿಂದೆ ಹೇಳಿದ್ದರಿಂದ ಅದನ್ನು ತರಲು ಹೊರಟಿದ್ದರೆಂದು ನಾನು ತಿಳಿಯುತ್ತೇನೆ. ಆ ಬೇಸಿಗೆ ಕಾಡಂಚಿನ ಊರುಗಳಲ್ಲಿ, ತರಗೆಲೆಯಲ್ಲಿರುವ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯ ಭಯವಿತ್ತು. ಹಿಂದಿನ ವಾರವಷ್ಟೇ ನನ್ನ ಗಂಡನ ಬ್ಯಾಂಡಿನವರು ಕ್ಯಾಸನೂರು ಕಡೆ ಮದುವೆಗೆ ಹೋಗಿ, ಡೋಲಿನ ಚರ್ಮ ಕಾಯಿಸಲು ಕಾಡಿನ ತರಗೆಲೆ ಬಾಚಿ ತಂದಿದ್ದರು. ಅದೇ ಕಾಯಿಲೆಯೋ ಬೇರೆಯೋ ಯಾರಿಗೂ ಗೊತ್ತಿಲ್ಲ. ಭಯಕ್ಕೆ ಬೇರೆಯವರು ಹತ್ತಿರ ಬರಲಿಲ್ಲ. ಯಮುನಮ್ಮನವರು ತಮ್ಮ ಒಡಹುಟ್ಟಿದ ತಮ್ಮನಾದ ಗುತ್ಯಪ್ಪನನ್ನು ಕರೆಸಿ, ಇಬ್ಬರೂ ಸೇರಿ ನನ್ನ ಗಂಡನನ್ನು ಒಳಗೆ ಮಲಗಿಸಿ ಗಂಜಿ ಕುಡಿಸಿದರು.

ಹೆಸರು, ಊರು ಎಷ್ಟು ಕೇಳಿದರೂ ನನ್ನ ಗಂಡನಿಗೆ ಹೇಳಲು ಬರಲಿಲ್ಲ. ಬಾಯಲ್ಲಿ ಒಂದೇ ಮಾತಿತ್ತೆಂದು ಯಮುನಮ್ಮನವರು ಹೇಳಿದರು.

"ಶೃತಿ, ಶೃತಿ ಅಂತಿದ್ರು. ಊದೋರಲ್ವಾ, ವಾದ್ಯದ ಶ್ರುತಿ ಕೇಳ್ತಾರೆ ಅಂದ್ಕಂಡು ಅದನ್ನೇ ತೆಗೆದು ಕೈಗೆ ಕೊಟ್ವಿ. ಎದೆ ಮೇಲೆ ಇಟ್ಕಂಡ್ರು. ಆದ್ರೂ ಅದೇ ಮಾತು."

ಅದು ನನ್ನ ಮಗಳ ಹೆಸರು ಎಂದು ನಾನು ಹೇಳಿದೆ. ಯಮುನಮ್ಮನವರು ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಮರುದಿನ ಬೆಳಿಗ್ಗೆ ಗುತ್ಯಪ್ಪನವರು ಗಾಡಿ ಕಟ್ಟಿ, ಸಾಗರದ ಆಸ್ಪತ್ರೆಗೆಂದು ಹೊರಟಿದ್ದಾರೆ. ಎರಡು ಮೈಲಿ ಹೋಗುವಷ್ಟರಲ್ಲಿ ನನ್ನ ಗಂಡ ಯಮುನಮ್ಮನವರ ತೊಡೆಯ ಮೇಲೆಯೇ ತೀರಿಕೊಂಡಿದ್ದಾರೆ. ದೇಹವನ್ನು ಉಳವಿಗೇ ವಾಪಸು ತಂದು, ಹೋಗಿ ಬರುವ ಬಸ್ಸಿನವರಿಗೆಲ್ಲ ಹೇಳಿ ಕಳಿಸಿ ಸಂಜೆಯವರೆಗೆ ಕಾದರೂ ಯಾರೂ ಹುಡುಕಿಕೊಂಡು ಬರಲಿಲ್ಲ. ಮುಂದಿನದನ್ನು, ಅಷ್ಟರಲ್ಲಿ ಅಂಗಡಿಗೆ ಬಂದ ಗುತ್ಯಪ್ಪನವರೇ ಹೇಳಿದರು.

"ಕೊರಳಾಗೆ ಲಿಂಗ ಇತ್ತಮ್ಮ. ನಮ್ಮಲ್ಲಿ ಸುಡ್ತಾರೆ. ಅವ್ರನ್ನ ಸುಡಬಾರ್ದು ಅಂತ ಗೊತ್ತಿತ್ತು. ಪಕ್ಕದೂರಿಂದ ಅಯ್ಯನೋರ್ನ ಕರ್ಕಂಬಂದು, ನಿಮ್ಮೋರು ಹೆಂಗೆ ಮಾಡ್ತಾರೋ ಹಂಗೇ ಕೂರಿಸಿ ಮಣ್ಣು ಕೊಟ್ವಿ."

ವಾದ್ಯವನ್ನು ಯಾರಾದರೂ ಕೇಳಿಕೊಂಡು ಬಂದಾರೆಂದು ಯಮುನಮ್ಮನವರು ಇಷ್ಟು ವರ್ಷ ಅಟ್ಟದಲ್ಲಿ ಕಾಪಾಡಿದ್ದರು. ಈ ವರ್ಷ ಅದರ ಮರ ಬಿರುಕು ಬಿಡಲು ಶುರುವಾದ್ದರಿಂದ, ಊದುವವರ ಕೈಗಾದರೂ ಸೇರಲಿ ಎಂದು ಅಂಗಡಿಗೆ ಕೊಟ್ಟರಂತೆ. ಬಂದ ಹಣದಲ್ಲಿ ಗುತ್ಯಪ್ಪನವರು ಸಮಾಧಿಗೆ ಕಲ್ಲು ಹಾಕಿಸಿದ್ದಾರೆ. ಅಂಗಡಿಯಿಂದ ಅರ್ಧ ಫರ್ಲಾಂಗು ದೂರದಲ್ಲಿ, ಅವರದೇ ಹೊಲದ ಬದುವಿನ ಮೇಲೆ ಅದು ಇದೆ. ಹುಲ್ಲು ಕೊಯ್ದು ಚೊಕ್ಕಟ ಮಾಡಿದ್ದರು. ಕಲ್ಲಿನ ಮೇಲೆ ಏನೂ ಬರೆದಿರಲಿಲ್ಲ. ಅವರ ಹೆಸರೇನು ತಾಯಿ ಎಂದು ಗುತ್ಯಪ್ಪನವರು ಕೇಳಿದರು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ನನಗಿರಲಿಲ್ಲ. ಅಲ್ಲಿ ಗಟ್ಟಿಯಾಗಿ ಹೇಳಿದೆ.

ನಾನು ಸಂಜೆಯ ಬಸ್ಸಿಗೆ ಊರಿಗೆ ಬಂದು ಮಗಳಿಗೆ ಎಲ್ಲವನ್ನೂ ತಿಳಿಸಿರುತ್ತೇನೆ. ಅವಳು ಕೇಳಿದ್ದು ಒಂದೇ, ಅಪ್ಪಾಜಿ ನನ್ನ ಹೆಸರನ್ನು ಎಷ್ಟು ಸಲ ಕರೆದರು ಎಂದು. ನನಗೆ ಗೊತ್ತಿಲ್ಲವೆಂದೆ. ಬರುವ ಭಾನುವಾರ ಅವಳನ್ನು ಉಳವಿಗೆ ಕರೆದುಕೊಂಡು ಹೋಗುತ್ತೇನೆ. ಕ್ಲಾರಿಯೋನೆಟ್ಟನ್ನು ಹಿಂದಕ್ಕೆ ಕೊಡುವುದಾಗಿ ಈಶ್ವರ್ ಅವರು ತಾವಾಗಿಯೇ ಒಪ್ಪಿದ್ದಾರೆ. ಯಮುನಮ್ಮ, ಗುತ್ಯಪ್ಪ ಹಾಗೂ ಅಂಗಡಿಯವರ ಮೇಲೆ ನನ್ನದು ಯಾವ ದೂರೂ ಇರುವುದಿಲ್ಲ.

ಕಾಣೆಯಾದವರೆಂದು ಇರುವ ಕಡೆ ನನ್ನ ಗಂಡ 12-3-1993ರಂದು ತೀರಿಕೊಂಡರೆಂದು ಬರೆದುಕೊಳ್ಳಬೇಕಾಗಿ ಕೋರುತ್ತೇನೆ. ಅಷ್ಟನ್ನೇ ಬರೆದು ಬಿಡಬಾರದು. ಅವರು ಬೇರೆ ಸಂಸಾರ ಮಾಡಲಿಲ್ಲ, ದಿಕ್ಕಿಲ್ಲದೆ ಸಾಯಲಿಲ್ಲ, ಸಾಯುವಾಗ ಯಮುನಮ್ಮ ಮತ್ತು ಗುತ್ಯಪ್ಪ ಎಂಬ ಇಬ್ಬರು ಜೊತೆಯಲ್ಲಿದ್ದರು ಎಂಬುದನ್ನೂ ಸೇರಿಸಬೇಕು.

ನಾನು ಹೇಳಿದಂತೆಯೇ ಬರೆದಿದ್ದನ್ನು ಓದಿಸಿ ಕೇಳಿದ್ದೇನೆ. ಇದರಲ್ಲಿ ಕಂಡಿದ್ದು ಮತ್ತು ಕೇಳಿದ್ದು ಬಿಟ್ಟು ನಾನು ಕೂಡಿಸಿದ್ದು ಏನೂ ಇಲ್ಲ.

ಸ್ಥಳ: ಶಿಕಾರಿಪುರ
ದಿನಾಂಕ: 25-8-1997

(ಸಹಿ) ನೀಲಾಂಬಿಕ