ಆವರಗೆರೆ ಈಜುಕೊಳದ ಟೈಮರ್ ಮತ್ತು ಹೊಲದ ಕರೆಂಟಿನ ಪಾಳಿ

ಹೆಸರು: ಯೋಗರಾಜ್ ಬಿನ್ ಕಲ್ಲಪ್ಪ. ವಯಸ್ಸು: 34 ವರ್ಷ. ಕಸುಬು: ಮೋಟಾರ್ ಮತ್ತು ಪ್ಯಾನೆಲ್ ಬೋರ್ಡ್ ರಿಪೇರಿ. ವಾಸ: ಜೆ.ಸಿ. ಬಡಾವಣೆ, ಹರಿಹರ.

ಠಾಣೆಯಲ್ಲಿ ಕೇಳಿದ್ದಕ್ಕೆ, ಯಾರ ಒತ್ತಾಯವೂ ಇಲ್ಲದೆ, ನಾನು ಈ ಮೂಲಕ ತಿಳಿಸುವುದೇನೆಂದರೆ:

ನಾನು ಹನ್ನೆರಡು ವರ್ಷಗಳಿಂದ ಹರಿಹರದಲ್ಲಿ ಸ್ವಂತ ಅಂಗಡಿ ಇಟ್ಟುಕೊಂಡು ಈ ಕೆಲಸ ಮಾಡುತ್ತಿದ್ದೇನೆ. ಟೈಮರ್ ಕೆಟ್ಟರೆ ದಾವಣಗೆರೆಯವರೂ ನನ್ನನ್ನೇ ಹುಡುಕಿಕೊಂಡು ಬರುತ್ತಾರೆಂಬ ಜಂಬ ನನಗಿತ್ತು. ಇದನ್ನೂ ಬರೆದುಕೊಳ್ಳಬೇಕೆಂದು ನಾನೇ ಕೇಳಿದ್ದೇನೆ.

ದಾವಣಗೆರೆ ಎಸ್.ಎಸ್. ಬಡಾವಣೆಯ ವಾಸಿ ವಾಮದೇವಪ್ಪನವರು ಆವರಗೆರೆಯ ತಮ್ಮ ಹೊಲದಲ್ಲಿ ಈಜುಕೊಳ ಕಟ್ಟಿಸಿದ್ದಾರೆ. ದಿನಾಂಕ 29-09-2025ರಂದು ಬೆಳಿಗ್ಗೆ 10.30ಕ್ಕೆ ನಾನು ಅಲ್ಲಿಗೆ ಹೋಗಿ, ಉಪ್ಪು ಬೆರೆಸಿದ ನೀರಿನಿಂದ ಕ್ಲೋರಿನ್ ತಯಾರಿಸುವ ಯಂತ್ರವನ್ನೂ ಅದರ ಟೈಮರನ್ನೂ ಕೂರಿಸಿದೆನು. ಬೆಳಗಿನ ಜಾವ 4ರಿಂದ 7ರವರೆಗೆ ಪಂಪು ಮತ್ತು ಯಂತ್ರ ಎರಡೂ ಒಟ್ಟಿಗೆ ನಡೆಯುವಂತೆ ಸಮಯ ಇಟ್ಟೆನು. ಪಂಪು ನೀರು ತಿರುಗಿಸುತ್ತಿದ್ದಾಗ ಮಾತ್ರ ಯಂತ್ರ ನಡೆಯಬೇಕು. ನಿಂತ ನೀರಿನಲ್ಲಿ ನಡೆದರೆ ಕ್ಲೋರಿನ್ ಪೈಪಿನಲ್ಲೇ ತುಂಬಿಕೊಳ್ಳುತ್ತದೆ. ಟೈಮರಿಗೂ ಯಂತ್ರಕ್ಕೂ ದಿನವಿಡೀ ಇರುವ ಮನೆ ಲೈನಿನ ಕರೆಂಟು ಕೊಟ್ಟೆನು. ಪಂಪಿನ ಮೂರು ಫೇಸ್ ವೈರು ಮೊದಲೇ ಗೋಡೆಯಿಂದ ಬಂದಿತ್ತು. ಅದು ಎಲ್ಲಿಂದ ಬಂದಿದೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕೊಳ ತೊಳೆಯುವುದು, ಉಪ್ಪು ಹಾಕುವುದು, ಪಂಪ್ ರೂಮಿನ ಬೀಗ ಕಾಯುವುದು ಲೋಕಿಕೆರೆಯ ದುರುಗವ್ವನವರ ಕೆಲಸ. ಅವರ ವಯಸ್ಸು ಸುಮಾರು 55. ಬೀಗದ ಕೈ ಅವರೊಬ್ಬರ ಹತ್ತಿರ ಇರುತ್ತದೆ.

ಅಕ್ಟೋಬರ್ 6ರಿಂದ ಕೊಳಕ್ಕೆ ಜನರನ್ನು ಬಿಟ್ಟರು. ಒಂದು ವಾರ ಏನೂ ತೊಂದರೆ ಇರಲಿಲ್ಲ. 13ರಂದು ವಾಮದೇವಪ್ಪನವರು ಫೋನ್ ಮಾಡಿ, ಬೆಳಿಗ್ಗೆ ಈಜುವವರಿಗೆ ಕಣ್ಣುರಿ, ಮೂಗಿಗೆ ಘಾಟು, ಟೈಮರ್ ಸರಿಯಿಲ್ಲ ಎಂದರು. ನಾನು 11 ಗಂಟೆಗೆ ಹೋಗಿ ಪರೀಕ್ಷೆ ಮಾಡಿದೆನು. ಪಂಪು ನಡೆಯಿತು, ಯಂತ್ರ ನಡೆಯಿತು, ಆಫ್ ಮಾಡಿದರೆ ಎರಡೂ ನಿಂತವು. ಆದರೂ ಟೈಮರ್ ಬದಲಿಸಿದೆನು. ಮುಂದಿನ ವಾರ ದೂರು ಬರಲಿಲ್ಲ. ನನ್ನ ಕೈಗುಣ ಎಂದುಕೊಂಡೆನು.

ದಿನಾಂಕ 28-10-2025ರಂದು ಪುನಃ ಅದೇ ದೂರು. ಬೆಳಿಗ್ಗೆ 10.15ಕ್ಕೆ ಹೋಗಿ ಹೊಸ ಡಿಜಿಟಲ್ ಟೈಮರ್ ಹಾಕಿ, ಮೂರು ಸಲ ಆನ್-ಆಫ್ ಮಾಡಿ ನೋಡಿದೆನು. ಆಗ ಬಾಗಿಲಲ್ಲಿ ನಿಂತಿದ್ದ ದುರುಗವ್ವನವರು, ಟೈಮರಿಗೆ ಏನೂ ಆಗಿಲ್ಲ, ಈ ವಾರ ಹೊಲದ ಕರೆಂಟು ಬೆಳಗಿನ ಪಾಳಿ ಐತೆ, ಅದನ್ನ ನೋಡು ತಮ್ಮಾ ಎಂದು ಹೇಳಿದರು. ಟೈಮರ್ ಬ್ಯಾರೆ, ಹೊಲದ ಕರೆಂಟ್ ಬ್ಯಾರೆ, ನೀನು ನಿನ್ನ ಕೆಲಸ ನೋಡ್ಕ ಎಂದು ನಾನು ಹೇಳಿದೆನು. ನವೆಂಬರ್ ಮೊದಲ ವಾರವೂ ಎಲ್ಲ ಸರಿಯಿತ್ತು.

ದಿನಾಂಕ 13-11-2025, ಗುರುವಾರ, ಬೆಳಿಗ್ಗೆ 6.10ಕ್ಕೆ ಚೈತ್ರಾ ಎಂಬ 15 ವರ್ಷದ ಹುಡುಗಿ ಕೊಳಕ್ಕೆ ಧುಮುಕಿದಳು, ನೀರು ಒಳಬರುವ ಪೈಪಿನ ಎದುರಿಗೇ ಉಸಿರು ಕಟ್ಟಿ ಕೆಮ್ಮುತ್ತಾ ಮುಳುಗಿದಳು, ದುರುಗವ್ವನವರು ಸೀರೆಯಲ್ಲೇ ಇಳಿದು ಎಳೆದು ತಂದರು ಎಂದು ನನಗೆ ತಿಳಿದುಬಂದಿದೆ. ಹುಡುಗಿ ಆಸ್ಪತ್ರೆಯಲ್ಲಿದ್ದಾಳೆ. ಮಧ್ಯಾಹ್ನ ಮಾತನಾಡಿದಳಂತೆ.

ಟೈಮರ್ ಎರಡು ಸಲ ಹೊಸದು ಹಾಕಿಸಿದ್ದೇನೆ, ಕೆಲಸದ ವಿಷಯಕ್ಕೆ ನಾನು ಬೈದಿದ್ದ ಸಿಟ್ಟಿಗೆ ದುರುಗವ್ವನೇ ಕೈಯಾಡಿಸಿದ್ದಾಳೆ ಎಂದು ವಾಮದೇವಪ್ಪನವರು ಠಾಣೆಯಲ್ಲಿ ದೂರು ಕೊಟ್ಟರು. ಮಧ್ಯಾಹ್ನ 12.20ಕ್ಕೆ ಹೆಡ್ ಕಾನ್‌ಸ್ಟೆಬಲ್ ಶಿವಮೂರ್ತಿಯವರು ದುರುಗವ್ವನವರನ್ನೂ ನನ್ನನ್ನೂ ಸ್ಥಳಕ್ಕೆ ಕರೆದುಕೊಂಡು ಹೋದರು. ವಾಮದೇವಪ್ಪನವರೂ ಅಲ್ಲಿದ್ದರು. 12.35ಕ್ಕೆ ನಾನು ಟೈಮರನ್ನು ಕೈಯಿಂದ ಆನ್ ಮಾಡಿ ತೋರಿಸಿದೆನು. ಪಂಪು ಮತ್ತು ಯಂತ್ರ ಎರಡೂ ಸರಿಯಾಗಿ ನಡೆದವು. ಮೀಟರ್ ಇಟ್ಟೆನು, ಎಲ್ಲ ಸರಿ ತೋರಿಸಿತು. ಹಾಗಾದರೆ ಕೈವಾಡವೇ ಎಂದು ವಾಮದೇವಪ್ಪನವರು ಹೇಳಿದರು. ನಾನು ಆಫ್ ಮಾಡಲು ಕೈ ಚಾಚಿದಾಗ ದುರುಗವ್ವನವರು, "ಆರ್ಸಬ್ಯಾಡ ತಮ್ಮಾ. ಕೂಡ್ರಿ ಸಾಹೇಬ್ರ, ಒಂದು ಗಂಟಿಗೆ ಹೊಲದ ಕರೆಂಟ್ ಹೋಗ್ತೈತೆ" ಎಂದರು.

ಅವರು ಗೋಡೆಗೆ ಒರಗಿ ಕುಳಿತು ಪೈಪಿನ ಮೇಲೆ ಅಂಗೈ ಇಟ್ಟುಕೊಂಡರು. ಅವರ ಹತ್ತಿರ ಗಡಿಯಾರ ಇರಲಿಲ್ಲ, ಫೋನೂ ಇರಲಿಲ್ಲ. ಸುಮಾರು 150 ಮೀಟರ್ ದೂರದಲ್ಲಿ, ಪಕ್ಕದ ಹೊಲದ ರೇವಣ್ಣನವರ ಕೃಷಿಹೊಂಡಕ್ಕೆ ಅದೇ ಹೊಲದ ಕರೆಂಟಿನಲ್ಲಿ ಬೋರಿನ ನೀರು ಬೀಳುತ್ತಿತ್ತಂತೆ. ಆ ಸದ್ದು ನಿಲ್ಲುವುದನ್ನೇ ಅವರು ಕಾಯುತ್ತಿದ್ದರು, ನನಗೆ ಅದು ಕೇಳಿಸಿರಲಿಲ್ಲ. 1.02ಕ್ಕೆ ಅವರು "ಹೋತು" ಎಂದರು. ಆ ಮಾತು ಮುಗಿಯುವಷ್ಟರಲ್ಲಿ ನಮ್ಮ ಪಂಪಿನ ಸದ್ದು ಇಳಿಯುತ್ತಾ ಬಂದು ಪಂಪು ನಿಂತಿತು. ಯಂತ್ರದ ಹಸಿರು ದೀಪ ಮಾತ್ರ ಉರಿಯುತ್ತಲೇ ಇತ್ತು. ಗಾಜಿನಂಥ ಕೊಳವೆಯೊಳಗೆ ನಿಂತ ನೀರು ನಮ್ಮ ಕಣ್ಣೆದುರಿಗೇ ಮಜ್ಜಿಗೆಯ ಹಾಗೆ ಬೆಳ್ಳಗಾಯಿತು. ಶಿವಮೂರ್ತಿಯವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಎರಡು ನಿಮಿಷವಾದ ಮೇಲೆ ನಾನು ಯಂತ್ರ ಆರಿಸಿದೆನು.

ಪಂಪಿಗೆ ಬಂದಿರುವುದು ಹಳೇ ಪಂಪ್‌ಸೆಟ್ಟಿನ ಲೈನು, ಆ ಲೈನಿಗೆ ಕರೆಂಟು ಒಂದು ವಾರ ರಾತ್ರಿ ಒಂದರಿಂದ ಬೆಳಿಗ್ಗೆ ಎಂಟರವರೆಗೆ, ಮರುವಾರ ಬೆಳಿಗ್ಗೆ ಆರರಿಂದ ಮಧ್ಯಾಹ್ನ ಒಂದರವರೆಗೆ ಎಂದು ದುರುಗವ್ವನವರು ವಿವರಿಸಿದರು. ಲೋಕಿಕೆರೆಯಲ್ಲಿ ಇಪ್ಪತ್ತು ವರ್ಷ ಆ ಪಾಳಿಗೆ ಎದ್ದು ನೀರು ಕಟ್ಟಿದವರು ಅವರು. ಬೆಳಗಿನ ಪಾಳಿಯ ವಾರದಲ್ಲಿ ನಾಲ್ಕರಿಂದ ಆರರವರೆಗೆ ಯಂತ್ರ ಒಂದೇ ನಡೆದು, ಆರಕ್ಕೆ ಪಂಪು ಎದ್ದು, ತುಂಬಿಕೊಂಡಿದ್ದ ಕ್ಲೋರಿನ್ನನ್ನೆಲ್ಲ ಕೊಳಕ್ಕೆ ನೂಕುತ್ತಿತ್ತು. ನಾನು ಹೋದದ್ದೆಲ್ಲ ದೂರು ಬಂದ ವಾರ, ಹತ್ತು-ಹನ್ನೊಂದು ಗಂಟೆಗೆ, ಲೈನಿನಲ್ಲಿ ಕರೆಂಟು ಇದ್ದಾಗ. ನನ್ನ ಮೀಟರಿಗೆ ಅದು ಯಾವತ್ತೂ ಸಿಗುತ್ತಿರಲಿಲ್ಲ. ಹನ್ನೆರಡು ವರ್ಷದಲ್ಲಿ ಇಂಥ ಪರೀಕ್ಷೆ ನಾನು ನೋಡಿಲ್ಲ. ಅವರ ಪಾದ ಮುಟ್ಟಬೇಕೆನಿಸಿತು, ಮುಟ್ಟಲಿಲ್ಲ.

ವಾಮದೇವಪ್ಪನವರು, ನೀರು ನಿಂತರೆ ತಾನಾಗಿ ಆಫ್ ಆಗುವ ಸ್ವಿಚ್ಚು ಯಂತ್ರದಲ್ಲೇ ಇದೆ, ಪುಸ್ತಕದಲ್ಲಿ ಬರೆದಿದೆ, ಅದು ಯಾಕೆ ಆಗಲಿಲ್ಲ ಎಂದು ಕೇಳಿದರು. ಶಿವಮೂರ್ತಿಯವರು 1.20ಕ್ಕೆ ಯಂತ್ರದ ಡಬ್ಬಿ ತೆಗೆಸಿದರು. ಆ ಸ್ವಿಚ್ಚಿನ ಎರಡೂ ತುದಿಯನ್ನು ಸೇರಿಸಿ ಕೆಂಪು ವೈರಿನ ತುಂಡೊಂದನ್ನು ಬಿಗಿಯಲಾಗಿತ್ತು. ಹೀಗಿದ್ದರೆ ನೀರು ನಿಂತರೂ ಯಂತ್ರ ಆಫ್ ಆಗುವುದಿಲ್ಲ. ಬೀಗದ ಕೈ ಇರುವವಳದೇ ಇದು, ನೋಡ್ರಿ ಎಂದು ವಾಮದೇವಪ್ಪನವರು ಕೂಗಿದರು. ಈ ವೈರು ಯಾರು ಹಾಕಿದ್ದು ಎಂದು ಶಿವಮೂರ್ತಿಯವರು ದುರುಗವ್ವನವರನ್ನು ಕೇಳಿದರು. ಅವರು ನನ್ನ ಕಡೆ ಒಂದು ಸಲ ನೋಡಿದರು. "ಹಾಕಿದೋರು ಹೇಳ್ತಾರ ಬಿಡ್ರಿ" ಎಂದು ಹೇಳಿ, ಸೆರಗು ಸಿಕ್ಕಿಸಿಕೊಂಡು ಜೀಪು ಹತ್ತಿದರು.

ನಾನು ಆಗ ಬಾಯಿ ಬಿಡಲಿಲ್ಲ. ಈಗ ಹೇಳುತ್ತಿದ್ದೇನೆ. ಆ ವೈರು ನನ್ನದು. ಯಂತ್ರ ಕೂರಿಸಿದ ದಿನ ಬೋರಿನ ಗಡಸು ನೀರಿಗೆ ಆ ಸ್ವಿಚ್ಚು ಮೇಲಿಂದ ಮೇಲೆ ಹಿಡಿದುಕೊಂಡು ಯಂತ್ರ ಆಫ್ ಆಗುತ್ತಿತ್ತು. ಹೊಲದಲ್ಲಿ ಸ್ಟಾರ್ಟರ್ ಸುಮ್ಮಸುಮ್ಮನೆ ಟ್ರಿಪ್ ಆದರೆ ನಾವು ಒಂದು ತುಂಡು ವೈರು ಸೇರಿಸಿ ಮೋಟಾರು ಓಡಿಸಿಬಿಡುತ್ತೇವೆ. ಇಲ್ಲಿಯೂ ಹಾಗೇ ಮಾಡಿ, ಯಾರಿಗೂ ಹೇಳದೆ ಡಬ್ಬಿ ಮುಚ್ಚಿದೆನು. ರೂಮು ಕತ್ತಲಿದ್ದದ್ದರಿಂದ ನನಗೆ ಟಾರ್ಚ್ ಹಿಡಿದವರು ದುರುಗವ್ವನವರು. ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ಒಂದು ಮಾತು ಹೇಳಿದ್ದರೆ ಅವರು ಆಗಲೇ ಮನೆಗೆ ಹೋಗಬಹುದಿತ್ತು. ಅವರನ್ನು 2 ಗಂಟೆಯಿಂದ ಠಾಣೆಯ ಬೆಂಚಿನ ಮೇಲೆ ಕೂರಿಸಿದ್ದಾರೆ. ಯಾರು ಎಷ್ಟು ಸಲ ಕೇಳಿದರೂ ನನ್ನ ಹೆಸರು ಹೇಳಿಲ್ಲ. ಎಂಥ ಹೆಂಗಸು ಇವರು ಎಂದು ನನಗೆ ತಿಳಿಯದಾಗಿದೆ.

ಬರೆದುಕೊಳ್ಳುತ್ತಿರುವವರು ಇಲ್ಲಿ ಪೆನ್ನು ನಿಲ್ಲಿಸಿ, ವೈರಿನ ಮಾತು ಬರೆದರೆ ಕೇಸು ನಿನ್ನ ಮೇಲೇ ತಿರುಗುತ್ತೆ, ಬೇಕಿದ್ದರೆ ವಿಚಾರ ಮಾಡಿ ಹೇಳು ಎಂದರು. ಆ ಸಾಲು ಬಿಟ್ಟರೆ ಉಳಿಯುವುದು ದುರುಗವ್ವನವರ ಹೆಸರು ಎಂದೆನು. ಬರೆಯಲು ಹೇಳಿದೆನು. ಬರೆದರು.

ಇಷ್ಟನ್ನೂ ನನಗೆ ಓದಿ ಹೇಳಿದರು. ನಾನು ಕೇಳಿದೆನು, ಒಂದು ಅಕ್ಷರವನ್ನೂ ತೆಗೆಸಿಲ್ಲ, ಎಲ್ಲವೂ ನಿಜ. ದುರುಗವ್ವನವರಿಗೂ ಕೇಳಿಸುವ ಹಾಗೆ ಇನ್ನೊಮ್ಮೆ ಗಟ್ಟಿಯಾಗಿ ಓದಬೇಕೆಂದು ಕೋರಿ ಸಹಿ ಮಾಡಿದ್ದೇನೆ.

ಸ್ಥಳ: ದಾವಣಗೆರೆ
ದಿನಾಂಕ: 13-11-2025, ಸಂಜೆ 4.10
ಸಹಿ: ಯೋಗರಾಜ್ ಕೆ.