ಬಂಡೆಗೆ ನೇತಾಡುವ ಹುಡುಗಿ

ಬೆಳಿಗ್ಗೆ ಹತ್ತು ಗಂಟೆ. ಹಿಂದಿನ ದಿನ ಕಣ್ಣಿನ ಪೊರೆ ತೆಗೆಸಿಕೊಂಡಿದ್ದ ದರ್ಜಿ ಅಜ್ಜಿ, ಪಟ್ಟಿ ಬಿಚ್ಚಿಸಿಕೊಳ್ಳಲು ಆಸ್ಪತ್ರೆಯ ಬೆಂಚಿನ ಮೇಲೆ ಕಾಯುತ್ತಿದ್ದರು. ಜೊತೆಗೆ ಕಾಲೇಜು ಓದುವ ಮೊಮ್ಮಗಳು. ಎದುರಿಗೆ ಕೂತಿದ್ದ ಬಡಗಿಯೊಬ್ಬನ ಕಿವಿಗೆ ಅವರ ಮಾತು ತಾನಾಗಿಯೇ ಬೀಳುತ್ತಿತ್ತು.

“ನಿನ್ನ ಕಂಪ್ಯೂಟರ್ ಆಟದ ಹುಡುಗಿ ಇನ್ನೂ ಬಂಡೆಗೆ ನೇತಾಡ್ತಾ ಇದ್ದಾಳಾ?”

“ತಿಂಗಳಾಯ್ತು ಅಜ್ಜಿ. ಆಟದಲ್ಲಿ ಅವಳಿಗೆ ಕೈ ನೋಯಲ್ಲ ಬಿಡು.”

“ನೀನೇ ಹತ್ತಿಸಬಾರದಿತ್ತಾ?”

“ಕೀ ಒತ್ತೋದು ನಾನು, ಬಂಡೇಲಿ ಹಿಡಿಯೋ ಬಿರುಕು ಹುಡುಕೋದು ನೀನು. ನಿನ್ನ ಕಣ್ಣು ಮಂಜಾದ ಮೇಲೆ ಅವಳನ್ನ ಬರೀ ಬೀಳಿಸಿದ್ದೇ ಬಂತು, ಅದಕ್ಕೇ ಆಟ ಅಲ್ಲಿಗೇ ನಿಲ್ಲಿಸಿಬಿಟ್ಟೆ.”

“ಪಾಪ. ಅವಳ ಬೆನ್ನು ನೋಡಿ ನೋಡಿ, ಅಳತೆ ಟೇಪಿಲ್ಲದೆ ಅಂಗಿ ಹೊಲಿದುಕೊಡ್ತೀನಿ. ಮುಖ ಮಾತ್ರ ತೋರಿಸಲ್ಲ, ಬಿಂಕದವಳು.”

“ಪಟ್ಟಿ ಬಿಚ್ಚಿದ ಮೇಲೂ ಕಾಣದಿದ್ರೆ?”

“ಬೇರೆ ಜೊತೆಗಾರ್ತಿನ ಹುಡುಕ್ಕೋ.”

“ಹುಡುಕಲ್ಲ. ಅವಳು ಅಲ್ಲೇ ನೇತಾಡ್ಲಿ.”

ನರ್ಸ್ ಬಂದು ಅಜ್ಜಿಯನ್ನು ಒಳಗೆ ಕರೆದೊಯ್ದರು. ಸ್ವಲ್ಪ ಹೊತ್ತಿನಲ್ಲಿ ಅಜ್ಜಿ ಕಪ್ಪು ಕನ್ನಡಕ ಹಾಕಿಕೊಂಡು ಹೊರಬಂದರು. ಮೊಮ್ಮಗಳು ಎದ್ದು ನಿಂತಳು. ಅಜ್ಜಿ ಕನ್ನಡಕವನ್ನು ತುಸು ಎತ್ತಿ ಅವಳನ್ನು ಮೇಲಿಂದ ಕೆಳಗೆ ನೋಡಿದರು.

“ತೋಳಿನ ಹೊಲಿಗೆ ಬಿಟ್ಟಿದೆಯಲ್ಲೇ. ದರ್ಜಿ ಮನೆ ಹುಡುಗಿ ಹೀಗಾ ಬೀದಿಗೆ ಬರೋದು?”

ಮೊಮ್ಮಗಳು ಅಜ್ಜಿಯ ಕೈ ಹಿಡಿದುಕೊಂಡಳು. ಇಬ್ಬರೂ ನಗುತ್ತ ಮೆಟ್ಟಿಲಿಳಿದು ಹೋದರು.